ಕೊಸರಿನ ಖಾನೆ

ಎರಡು ಸಾವಿರದ ಆರನೇ ಇಸವಿಯಲ್ಲಿ ಚಾಕಿ ಮನೆ ಎಬ್ಬಿಸಲು ಪುಟ್ಟಲಕ್ಷ್ಮಮ್ಮನಿಗೆ ಬಿದ್ದ ಖರ್ಚು ಒಂದು ಲಕ್ಷದ ಐವತ್ತೈದು ಸಾವಿರ. ಹೆಂಚಿನ ಕೋಣೆಗೆ ಒಂದು ಲಕ್ಷದ ಐದು ಸಾವಿರ. ಪ್ಲಾಸ್ಟಿಕ್ ತಟ್ಟೆ ಒಂದಕ್ಕೆ ನೂರರಂತೆ ಮುನ್ನೂರಕ್ಕೆ ಮೂವತ್ತು ಸಾವಿರ. ತಟ್ಟೆ ಜೋಡಿಸುವ ಕಬ್ಬಿಣದ ಸ್ಟ್ಯಾಂಡಿಗೆ ಹನ್ನೆರಡು ಸಾವಿರ. ಔಷಧಿ ಪಂಪು, ಹೀಟರು, ಸುಣ್ಣ, ಬ್ಲೀಚಿಂಗ್ ಪುಡಿ, ರೇಷ್ಮೆ ಹುಳ ಕೊಲ್ಲುವ ಊಜಿ ನೊಣ ಒಳಗೆ ಬರದಂತೆ ಕಿಟಕಿಗೆ ಜಾಲರಿ, ಎಲ್ಲ ಸೇರಿ ಎಂಟು ಸಾವಿರ. ಇದರಲ್ಲಿ ಅರವತ್ತು ಸಾವಿರ ರಾಮನಗರದ ಒಂದು ಸಂಸ್ಥೆ ಕೊಟ್ಟದ್ದು. ನಲವತ್ತು ಸಾವಿರ, ಗಂಡ ಚನ್ನಯ್ಯ ಇಪ್ಪತ್ತು ಕುರಿ ಮಾರಿ ತಂದದ್ದು. ಉಳಿದದ್ದು ಊರಿನ ಹೆಂಗಸರ ಸಂಘದ ದುಡ್ಡು ಮತ್ತು ಅವಳ ಸೀರೆ ಗಂಟಿನ ದುಡ್ಡು. ಇಷ್ಟು ವರ್ಷವಾದರೂ ಈ ಲೆಕ್ಕವನ್ನು ಅವಳು ಕಣ್ಣುಮುಚ್ಚಿ ಹೇಳುತ್ತಾಳೆ. ಕುರಿಗಳ ಬಣ್ಣವನ್ನೂ ಹೇಳುತ್ತಾಳೆ.

ಚಾಕಿ ಎಂದರೆ ರೇಷ್ಮೆ ಹುಳದ ಎಳೆತನ. ಮೊಟ್ಟೆ ಒಡೆದು ಹೊರಬಂದ ಹುಳ ಸಾಸಿವೆ ಕಾಳಿಗಿಂತ ಸಣ್ಣದು. ಅದಕ್ಕೆ ಹಿಪ್ಪುನೇರಳೆಯ ಕುಡಿಸೊಪ್ಪನ್ನು ದಾರದ ಹಾಗೆ ಹೆಚ್ಚಿ ಹಾಕಿ, ತಂಪು ತೇವ ನೋಡಿಕೊಂಡು, ಎರಡು ಸಲ ಪೊರೆ ಬಿಡುವವರೆಗೆ ಸಾಕಬೇಕು. ಆ ಎಂಟೊಂಬತ್ತು ದಿನದಲ್ಲಿ ಕೈ ತಪ್ಪಿದರೆ ಮುಂದೆ ಎಷ್ಟು ಸೊಪ್ಪು ಸುರಿದರೂ ಒಳ್ಳೆಯ ಗೂಡು ಕಟ್ಟುವುದಿಲ್ಲ. ಮೊದಲು ಮನೆಮನೆಯಲ್ಲೂ ಈ ಕೆಲಸ ಹೆಂಗಸರದೇ ಆಗಿತ್ತು. ಆಮೇಲೆ ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದವು. ಬೆಳಗಿನ ಆರೂವರೆಗೆ ವ್ಯಾನುಗಳು ಪುಟ್ಟಲಕ್ಷ್ಮಮ್ಮನ ಊರು ಗುಡೇಮಾರನಹಳ್ಳಿಗೂ ಬಂದು ಹಾರನ್ ಹೊಡೆಯತೊಡಗಿದವು. ಸೊಸೆಯಂದಿರು, ಮದುವೆಗಿದ್ದ ಹೆಣ್ಣುಮಕ್ಕಳು ತಲೆಗೆ ಹೂ ಮುಡಿದುಕೊಂಡು ಹತ್ತಿ ಹೋಗುತ್ತಿದ್ದರು. ಎಳೆ ಹುಳಕ್ಕೆ ದಿನಕ್ಕೆ ಮೂರು ಸಲ ಸೊಪ್ಪು ಹೆಚ್ಚುವ ಕೈ ಮನೆಯಲ್ಲಿ ಉಳಿಯಲಿಲ್ಲ. ಆದ್ದರಿಂದಲೇ ಅವಳ ಚಾಕಿ ಮನೆಗೆ ಗಿರಾಕಿಗಳು ಬಂದರು. ನೂರು ಮೊಟ್ಟೆಯ ಹುಳಕ್ಕೆ ಆರುನೂರು ರೂಪಾಯಿ. ಈ ಕಸುಬಿನಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಗುಂಪು. ವರ್ಷಕ್ಕೆ ಇಪ್ಪತ್ತು ಸಲ, ಸಲಕ್ಕೆ ಸಾವಿರ ಮೊಟ್ಟೆಯಷ್ಟು ಹುಳ ಮಾರುತ್ತಿದ್ದಳು.

ಹುಳ ಕೊಡುವ ದಿನವೆಂದರೆ ಅವಳಿಗೆ ಹಬ್ಬವೇ. ಆ ದಿನ ಗಂಡಸರು ಸೈಕಲ್ಲಿಗೋ ಲಗ್ಗೇಜು ಆಟೊಗೋ ತಟ್ಟೆ ಕಟ್ಟುತ್ತಿದ್ದರು. ಅವರ ಜೊತೆ ಮನೆಯೊಡತಿಯೂ ಬರಲೇಬೇಕು. ಏಕೆಂದರೆ ದುಡ್ಡು ಕೊಟ್ಟು ಲೆಕ್ಕ ಮುಗಿದ ಮೇಲೆ, ಹುಳ ಮೇಯಿಸುವ ಹೆಂಗಸು ಒಳಗೆ ಬಂದು, ತನಗೆ ಇಷ್ಟವಾದ ತಟ್ಟೆಯಿಂದ ತನ್ನ ಕೈಯಾರೆ ಮೇಲಿಷ್ಟು ಸೊಪ್ಪು ಸಮೇತ ಹುಳ ಎತ್ತಿಕೊಳ್ಳಬೇಕು. ಅದು ಕೊಸರು. ಪುಟ್ಟಲಕ್ಷ್ಮಮ್ಮನ ಅತ್ತೆ ಕೆಂಚಮ್ಮನ ಕಾಲದಲ್ಲಿ ಒಬ್ಬರ ಹುಳ ಸತ್ತರೆ ಪಕ್ಕದ ಮನೆಯವರು ತಟ್ಟೆಗಟ್ಟಲೆ ಸುಮ್ಮನೆ ಕೊಡುತ್ತಿದ್ದರಂತೆ. ಬೇರೆಯವರು ಎತ್ತಿಕೊಟ್ಟ ಹುಳ ಮನೆಗೆ ಒಗ್ಗುವುದಿಲ್ಲ, ತಾನೇ ಎತ್ತಿಕೊಂಡವಳ ಕೈಗೆ ಒಗ್ಗುತ್ತದೆ ಎನ್ನುತ್ತಿದ್ದಳು ಕೆಂಚಮ್ಮ. ಇದು ನಿಜವೋ ಸುಳ್ಳೋ, ಪುಟ್ಟಲಕ್ಷ್ಮಮ್ಮ ಅಳೆದು ನೋಡಲು ಹೋಗಲಿಲ್ಲ. ಕೊಸರು ಎತ್ತಿದ ಹೆಂಗಸು ಜಗುಲಿಯ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯದೆ ಹೋಗುತ್ತಿರಲಿಲ್ಲ ಎಂಬುದು ಮಾತ್ರ ಅವಳಿಗೆ ಗೊತ್ತಿತ್ತು. ಯಾರ ಸೊಪ್ಪಿಗೆ ರೋಗ ಬಂದಿದೆ, ಯಾರ ಮನೆಯ ಹುಳ ಏಕೆ ಮೇಯುತ್ತಿಲ್ಲ ಎಂಬ ಸುದ್ದಿ ಆ ಕಾಫಿಯ ಹೊತ್ತಿನಲ್ಲೇ ಸಿಗುತ್ತಿತ್ತು.

ಎಲ್ಲರಿಗಿಂತ ದೊಡ್ಡ ಕೈ ಹಳೆಯ ಗಿರಾಕಿ ದೊಡ್ಡಲಕ್ಷ್ಮಮ್ಮನದು. ಎರಡು ಅಂಗೈ ಅಗಲಿಸಿ ಎತ್ತುತ್ತಿದ್ದಳು.

'ಅದೇನು ಕೈಯೋ ಮೊರವೋ ಕಣಕ್ಕ, ಒಸಿ ನನ್ ತಟ್ಟೆಲೂ ಬುಡು' ಎಂದು ಪುಟ್ಟಲಕ್ಷ್ಮಮ್ಮ ರೇಗಿಸಿದರೆ, 'ದೇವ್ರು ಕೊಟ್ಟಿದ್ ಕೈ, ನಿನ್ ಹುಳ ನೋಡಿ ಸಣ್ಣ ಮಾಡ್ಕೊಳ್ಳಕಾಯ್ತದಾ?' ಎನ್ನುತ್ತಿದ್ದಳು ಅವಳು.

ಪುಟ್ಟಲಕ್ಷ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಒಂದು ಅಭ್ಯಾಸ ಇಟ್ಟುಕೊಂಡಿದ್ದಳು. ಯಾರು ಎಷ್ಟು ಕೊಂಡರು, ಮೇಲೆ ಎಷ್ಟು ಎತ್ತಿದರು ಎರಡನ್ನೂ ಕಣ್ಣಂದಾಜಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ನೂರು ಮೊಟ್ಟೆಗೆ ಸೊಪ್ಪು ಇದ್ದವಳು ನೂರಾ ಹದಿನೈದರ ಹುಳ ಹೊತ್ತು ಹೋದರೆ ಕೊನೆಯ ವಾರದಲ್ಲಿ ಸೊಪ್ಪು ಸಾಲದೆ ಹುಳ ಸೊರಗುತ್ತದೆ. ಅಂಥವರಿಗೆ ಮುಂಚೆಯೇ ಹೇಳಿಕಳಿಸುತ್ತಿದ್ದಳು. ಅದಕ್ಕಾಗಿ ಬರೆದದ್ದೇ ಹೊರತು, ಕೊಸರಿನ ಲೆಕ್ಕ ಕೇಳಬೇಕೆಂದಲ್ಲ.

ಅರವತ್ತು ಸಾವಿರ ಕೊಟ್ಟ ಸಂಸ್ಥೆಯ ಕಚೇರಿ ರಾಮನಗರದಲ್ಲಿ, ಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲೆ ಇತ್ತು. ಹೊಸದಾಗಿ ಕಸುಬು ಶುರು ಮಾಡಿದವರಿಗೆ ಕೈಗೊಡುವುದು ಅವರ ಕೆಲಸ. ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣ, ನಾಲ್ಕೂ ಕಡೆ ಸೇರಿ ಹದಿನಾಲ್ಕು ಹೊಸ ಚಾಕಿ ಮನೆಗಳಿಗೆ ಅವರು ಹಣ ಹಾಕಿದ್ದರು. ಪ್ರತಿ ತಿಂಗಳೂ ಒಂದು ಫಾರಂ ತುಂಬಿ ಕಳಿಸಬೇಕಿತ್ತು. ಎಷ್ಟು ಮೊಟ್ಟೆ ಕೊಂಡಿರಿ, ಎಷ್ಟರ ಹುಳ ಕೊಟ್ಟಿರಿ, ಎಷ್ಟು ನಷ್ಟ, ನಿಮ್ಮ ಹುಳ ಕೊಂಡ ರೈತರು ಮಾರುಕಟ್ಟೆಗೆ ಎಷ್ಟು ಕಿಲೊ ಗೂಡು ತಂದರು. ಅದನ್ನೆಲ್ಲ ಚನ್ನಪಟ್ಟಣದ ದಿವ್ಯ ಎಂಬ ಹುಡುಗಿ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನೀವು ಒಬ್ಬೊಬ್ಬರೇ ನಿಮ್ಮ ನಿಮ್ಮ ಹಳ್ಳಿಯಲ್ಲಿ ಕೂತರೆ ಚೆನ್ನಾಗಿ ಮಾಡುತ್ತಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ, ನಿಮ್ಮಂಥವರ ಪಕ್ಕದಲ್ಲಿ ನಿಲ್ಲಿಸಿದರೆ ಗೊತ್ತಾಗುತ್ತದೆ ಎಂದು ಮೊದಲ ಸಭೆಯಲ್ಲೇ ಅವಳು ವಿವರಿಸಿದ್ದಳು. ಆ ಮಾತು ಪುಟ್ಟಲಕ್ಷ್ಮಮ್ಮನಿಗೆ ಹಿಡಿಸಿತ್ತು. ಕುರಿಯನ್ನೂ ಮಂದೆಯ ಜೊತೆ ನಿಲ್ಲಿಸಿಯೇ ಅಲ್ಲವೇ ನೋಡುವುದು.

ಫೆಬ್ರವರಿಯ ಸಭೆಯಲ್ಲಿ ಹದಿನಾಲ್ಕು ಮನೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ನೂರು ಮೊಟ್ಟೆಯ ಹುಳಕ್ಕೆ ಎಷ್ಟು ಕಿಲೊ ಗೂಡು ಬಂತು ಎಂಬುದರ ಮೇಲೆ ಸಾಲು. ಮೇಲೆ ಹಸಿರು, ಕೆಳಗೆ ಕೆಂಪು. ಮೊದಲನೆಯವನು ಕನಕಪುರದ ಬಾಲರಾಜು, ಅರವತ್ತೊಂಬತ್ತು ಕಿಲೊ. ಪುಟ್ಟಲಕ್ಷ್ಮಮ್ಮ ಹದಿಮೂರನೆಯವಳು, ಅರವತ್ತೆರಡು. ಅವಳ ಕೆಳಗೆ ಇದ್ದದ್ದು ರೋಗ ಬಿದ್ದು ಎರಡು ಸಲ ಹುಳವೆಲ್ಲ ಗುಂಡಿಗೆ ಹಾಕಿದ್ದ ಒಂದು ಮನೆ ಮಾತ್ರ.

ಸಂಸ್ಥೆಯ ಮೇಲಿನವರು ಬಂದು ನಯವಾಗಿಯೇ ಹೇಳಿದರು. ಬೇಸಿಗೆಗೆ ಮುಂಚೆ ಪ್ರತಿ ಮನೆಗೂ ತಂಪು ತೇವ ಹಿಡಿಯುವ ಯಂತ್ರ ಹಾಕಿಸುತ್ತೇವೆ, ಬೆಲೆ ನಲವತ್ತೆಂಟು ಸಾವಿರ, ಮೂವತ್ತಾರು ನಮ್ಮದು, ಹನ್ನೆರಡು ನಿಮ್ಮದು. ಆದರೆ ಕೆಳಗಿನ ಮೂವರಿಗೆ ಹಾಕಿ ಪ್ರಯೋಜನ ಕಾಣುತ್ತಿಲ್ಲ. ಮಾರ್ಚ್ ಹತ್ತಕ್ಕೆ ಕೊನೆಯ ಪಟ್ಟಿ.

ಯಂತ್ರವಿಲ್ಲದೆ ಬೇಸಿಗೆ ದಾಟುವುದು ಹೇಗೆಂದು ಅವಳಿಗೆ ಗೊತ್ತಿತ್ತು, ಅಂದರೆ ಆಗುವುದಿಲ್ಲವೆಂದು ಗೊತ್ತಿತ್ತು. ಹಿಂದಿನ ಏಪ್ರಿಲ್‌ನಲ್ಲಿ ಹೆಂಚಿನ ಕೆಳಗೆ ಒದ್ದೆ ಗೋಣಿ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸಿ, ಆದರೂ ಅರ್ಧದಷ್ಟು ತಟ್ಟೆಗಳು ಒಣಗಿಹೋಗಿದ್ದವು. ಎರಡು ತಿಂಗಳು ಬಾಗಿಲು ಹಾಕಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ, ಸೊಪ್ಪು ಹೆಚ್ಚುವ ಇಬ್ಬರು ಹೆಂಗಸರು ವ್ಯಾನು ಹತ್ತುತ್ತಾರೆ. ಆಮೇಲೆ ಬಾಗಿಲು ತೆಗೆದರೂ ಒಂದೇ, ತೆಗೆಯದಿದ್ದರೂ ಒಂದೇ.

ಚನ್ನಯ್ಯ ಕೆಟ್ಟ ಮನುಷ್ಯನಲ್ಲ. ಇಪ್ಪತ್ತು ಕುರಿ ಹೋದ ಹೊಟ್ಟೆಯುರಿ ಅವನಿಗೆ. ರಾತ್ರಿ ಮುದ್ದೆ ಮುರಿಯುತ್ತ, ನಿನ್ನ ಕೈಯಲ್ಲಿ ಏನೋ ದೋಷ ಇರಬೇಕು, ಕನಕಪುರದವನು ಏನು ಮಾಡುತ್ತಾನೆ ಹೋಗಿ ನೋಡಿಕೊಂಡು ಬಾ ಎಂದ. ಅವಳಿಗೆ ಸಿಟ್ಟು ಬಂತು. ಆದರೆ ಮಾತು ಸರಿಯೆನಿಸಿತು.

ಗೋಡೆಯ ಪಟ್ಟಿಯ ನಕಲು ಎಲ್ಲರಿಗೂ ಕೊಟ್ಟಿದ್ದರು. ಅದನ್ನು ಮಡಿಲಲ್ಲಿಟ್ಟುಕೊಂಡು ಮಾಗಡಿಯಲ್ಲಿ ಬಸ್ಸು ಬದಲಾಯಿಸಿ, ರಾಮನಗರದಲ್ಲಿ ಇನ್ನೊಮ್ಮೆ ಬದಲಾಯಿಸಿ ಕನಕಪುರಕ್ಕೆ ಹೊರಟಳು. ದಾರಿಯಲ್ಲಿ ಕಲ್ಲಿನ ಲಾರಿಗಳ ಧೂಳು. ಸೆರಗು ಮೂಗಿಗೆ ಹಿಡಿದು ಒಂದೊಂದೇ ಖಾನೆ ಓದಿದಳು. ಬಾಲರಾಜು ಕೊಂಡದ್ದು ಸಾವಿರದ ನೂರಾ ಐವತ್ತು ಮೊಟ್ಟೆ. ತಾನು ಕೊಂಡದ್ದೂ ಅಷ್ಟೇ. ಅವನು ಕೊಟ್ಟದ್ದು ಸಾವಿರ, ನಷ್ಟ ನೂರಾ ಐವತ್ತು. ತಾನು ಕೊಟ್ಟದ್ದು ಸಾವಿರದ ನೂರಾ ಐವತ್ತು, ನಷ್ಟ ಸೊನ್ನೆ. ಉಳಿದವರ ನಷ್ಟವೂ ನೂರು, ನೂರಾ ಇಪ್ಪತ್ತು, ನೂರಾ ನಲವತ್ತು. ಸೊನ್ನೆ ಇದ್ದದ್ದು ತನ್ನದೊಂದೇ.

ಇದೆಂಥದು ಅನ್ನಿಸಿತು. ಎಲ್ಲರೂ ಮೊಟ್ಟೆ ತರುವುದು ಒಂದೇ ಕೇಂದ್ರದಿಂದ, ಒಂದೇ ವಾರ, ಒಂದೇ ಪೆಟ್ಟಿಗೆಯ ಮೊಟ್ಟೆ. ಸಾವಿರಕ್ಕೆ ನೂರೈವತ್ತು ಒಡೆಯದೆ ಹೋದರೆ ಆ ಮೊಟ್ಟೆ ಕೇಂದ್ರದವನ ಅಂಗಿ ಮೈಮೇಲೆ ಉಳಿಯುತ್ತಿತ್ತೇ? ಬಾಲರಾಜುವಿನ ಊರಿನ ಗೇಟಿನಲ್ಲಿ ಇಳಿಯುವ ಹೊತ್ತಿಗೆ ಅವಳಿಗೆ ಅರ್ಧ ತಿಳಿದುಹೋಗಿತ್ತು.

ಬಾಲರಾಜು ಮೂವತ್ತೈದರವನು, ನಗುಮುಖ. ಅವನ ಚಾಕಿ ಮನೆ ತನ್ನದಕ್ಕಿಂತ ಚೊಕ್ಕಟವೂ ಅಲ್ಲ, ಕೊಳಕೂ ಅಲ್ಲ. ಅವತ್ತು ಅಲ್ಲೂ ಹುಳ ಕೊಡುವ ದಿನ. ಒಬ್ಬ ಹೆಂಗಸು ಒಳಗೆ ಬಂದು, ಮೂರು ತಟ್ಟೆ ಎತ್ತಿ ನೋಡಿ, ನಾಲ್ಕನೆಯದರಿಂದ ಕೈತುಂಬ ಎತ್ತಿಕೊಂಡು ಹೋದಳು. ಅವಳ ಬೆನ್ನ ಹಿಂದೆಯೇ ಪುಟ್ಟಲಕ್ಷ್ಮಮ್ಮ ಕೇಳಿದಳು, ಇದನ್ನು ಫಾರಂನಲ್ಲಿ ಎಲ್ಲಿ ಬರೆಯುತ್ತೀಯ ಎಂದು.

ಬಾಲರಾಜುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಿದ್ದುಬಿದ್ದು ನಕ್ಕ.

'ಕೊಸರನ್ನ ಯಾರಾರ ಕೊಟ್ಟೆ ಅಂತ ಬರಿತಾರೇನಕ್ಕ? ಅದು ನಾನ್ ಕೊಟ್ಟಿದ್ದಲ್ಲ, ಅವ್ರು ತಗಂಡಿದ್ದು.'

'ಅದಕ್ಕೇ ನೀನು ನಷ್ಟಕ್ಕೆ ಹಾಕ್ಬುಟ್ಟೆ.'

'ಇನ್ನೆಲ್ಲಿ ಹಾಕ್ಲಿ? ಹುಳದ ಲೆಕ್ಕಕ್ಕೆ ಮೂರೇ ಖಾನೆ ಐತೆ. ಎಲ್ರೂ ಅಂಗೇ ಬರೆಯಾದು. ನೀನೊಬ್ಳೇ ನೋಡು, ಕೊಸರ್ನೂ ಕೊಟ್ಟಿದ್ದರ ಲೆಕ್ಕಕ್ಕೆ ಸೇರ್ಸಿ ಕುಂತಿರಾದು.'

ತಾನು ಸುಳ್ಳು ಬರೆದಿದ್ದೇನೆಂದು ಅವನು ಅಂದುಕೊಂಡೇ ಇರಲಿಲ್ಲ. ಹದಿಮೂರು ಜನರಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅವರ ಸಾವಿರವೆಂದರೆ ಸಾವಿರದ ನೂರೈವತ್ತು. ಅಷ್ಟು ಹುಳದಿಂದ ಬಂದ ಗೂಡನ್ನು ಸಾವಿರಕ್ಕೆ ಭಾಗಿಸಿದರೆ ನೂರಕ್ಕೆ ಅರವತ್ತೊಂಬತ್ತು ಬರದೆ ಏನು ಮಾಡುತ್ತದೆ? ಕಂಪ್ಯೂಟರಿನ ಭಾಗಾಕಾರ ಸರಿಯೇ ಇತ್ತು. ಬಾಲರಾಜು ಊಟ ಹಾಕಿಸಿ ಬಸ್ಸಿಗೆ ಕಳಿಸುವಾಗ, ಈ ತಿಂಗಳಿಂದ ನೀನೂ ನಮ್ಮ ಹಾಗೆ ಬರೆದುಬಿಡು, ಸುಮ್ಮನೆ ಆ ಹುಡುಗಿಯ ಹತ್ತಿರ ಹೋಗಿ ಇದನ್ನು ಕೆದಕಬೇಡ ಎಂದು ಕೇಳಿಕೊಂಡ. ಯಂತ್ರ ಅವನಿಗೂ ಬೇಕಿತ್ತು.

ಒಂದು ವಾರ ಅವಳು ಸುಮ್ಮನಿದ್ದಳು. ಹಾಗೆ ಬರೆಯುವುದು ಕಷ್ಟವಿರಲಿಲ್ಲ. ಆದರೆ ಕಳೆದ ತಿಂಗಳುಗಳ ಫಾರಂಗಳು ಆಗಲೇ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಮಾರ್ಚ್ ಹತ್ತರೊಳಗೆ ಒಂದು ತಿಂಗಳ ಲೆಕ್ಕ ತಿದ್ದಿದರೆ ಹದಿಮೂರರಿಂದ ಹನ್ನೆರಡಕ್ಕೆ ಬರಬಹುದು, ಹನ್ನೆರಡೂ ಕೆಂಪೇ. ನಿಜ ಹೇಳದೆ ದಾರಿ ಇರಲಿಲ್ಲ. ಒಂದು ಸೋಮವಾರ ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು ಟೈರ್ ಅಂಗಡಿಯ ಮೆಟ್ಟಿಲು ಹತ್ತಿದಳು.

ದಿವ್ಯ ಮೊದಲು ಅವಳನ್ನು ಅನುಮಾನದಿಂದಲೇ ನೋಡಿದಳು. ಸೊನ್ನೆ ನಷ್ಟ ಎಂದು ಬರೆದವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಕಚೇರಿಯಲ್ಲಿ ಮಾತಾಗಿತ್ತಂತೆ. ಪುಟ್ಟಲಕ್ಷ್ಮಮ್ಮ ಯಾರ ಹೆಸರನ್ನೂ ಎತ್ತಲಿಲ್ಲ. ನೋಟ್‌ಬುಕ್ಕು ಬಿಚ್ಚಿಟ್ಟು, ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸಿ, ಹತ್ತು ಮಾರಿದ್ದು, ಒಂದೂವರೆ ಕೊಸರು ಎಂದು ತೋರಿಸಿದಳು.

'ಕೊಸರು ಅಂದ್ರೆ ಗೊತ್ತೇನವ್ವ ನಿಂಗೆ? ನಿಮ್ಮಮ್ಮ ಸೊಪ್ಪು ಕೊಳ್ಳೋವಾಗ ಕೇಳಾಕಿಲ್ವಾ?'

'ಕೇಳ್ತಾರೆ. ಆದ್ರೆ ಅದಕ್ಕೆ ಯಾರೂ ಲೆಕ್ಕ ಇಡಲ್ಲವಲ್ಲಮ್ಮ.'

'ಅದೇ ಕಣವ್ವ. ನಾನೊಬ್ಳು ಇಟ್ಟೆ.'

ದಿವ್ಯ ಮೊಟ್ಟೆ ಕೇಂದ್ರದ ಬಿಲ್ಲುಗಳ ಫೈಲು ತೆಗೆದು, ಬಂದ ಗೂಡನ್ನು ಕೊಟ್ಟದ್ದೆಂದು ಬರೆದ ಮೊಟ್ಟೆಗೆ ಭಾಗಿಸುವ ಬದಲು ಕೊಂಡ ಮೊಟ್ಟೆಗೆ ಭಾಗಿಸಿದಳು. ಹದಿನಾಲ್ಕೂ ಮನೆಗೆ. ಸಾಲು ಕಲಸಿಹೋಯಿತು. ಬಾಲರಾಜು ಅರವತ್ತಕ್ಕೆ ಇಳಿದ. ಪುಟ್ಟಲಕ್ಷ್ಮಮ್ಮ ಅರವತ್ತೆರಡರಲ್ಲೇ ನಿಂತಳು, ಮೂರನೇ ಜಾಗದಲ್ಲಿ. ಅವಳು ಏನೂ ಮೇಲೇರಿರಲಿಲ್ಲ, ಉಳಿದವರು ಇಳಿದಿದ್ದರು.

ನಾನು ಮೇಲಿನವರಿಗೆ ಇಷ್ಟು ತಿಂಗಳು ತಪ್ಪು ಪಟ್ಟಿ ಕೊಟ್ಟಿದ್ದೇನೆ, ಹದಿಮೂರು ಜನ ಸುಳ್ಳು ಬರೆದಿದ್ದಾರೆಂದು ಈಗ ಹೇಗೆ ಹೇಳಲಿ ಎಂದಳು ಹುಡುಗಿ. ಆಗ ಪುಟ್ಟಲಕ್ಷ್ಮಮ್ಮನೇ ಆ ಮಾತು ಹೇಳಿದ್ದು. ಆ ಕ್ಷಣಕ್ಕೆ ಅದು ಎಲ್ಲರನ್ನೂ ಉಳಿಸುವ ಉಪಾಯವಾಗಿ ಕಂಡಿತ್ತು.

'ಯಾರೂ ಸುಳ್ ಬರ್ದಿಲ್ಲ ಕಣ್ ಮಗ. ನಿಮ್ ಫಾರಂನಾಗೆ ಜಾಗ ಇರ್ನಿಲ್ಲ. ಕೊಸರು ಅಂತ ಇನ್ನೊಂದು ಖಾನೆ ಹಾಕ್ಬುಡು. ಎಲ್ರೂ ನೆಟ್ಟಗೆ ಬರಿತಾರೆ.'

ದಿವ್ಯ ಖಾನೆ ಹಾಕಿದಳು. ಮೇಲಿನವರು ಕೇಳಿ, ತಪ್ಪು ನಮ್ಮ ಫಾರಂನದು ಎಂದು ಒಪ್ಪಿದರು. ಮಾರ್ಚ್ ಹತ್ತರ ಪಟ್ಟಿಯಲ್ಲಿ ಬಾಲರಾಜು ಎಂಟನೆಯವನಾಗಿ ಉಳಿದುಕೊಂಡ. ರೋಗ ಬಿದ್ದ ಮನೆ ಮತ್ತು ಇನ್ನಿಬ್ಬರು ಪಟ್ಟಿಯಿಂದ ಹೊರಬಿದ್ದರು. ಆ ಇಬ್ಬರು ಬಹಳ ದಿನ ಪುಟ್ಟಲಕ್ಷ್ಮಮ್ಮನನ್ನು ಮಾರುಕಟ್ಟೆಯಲ್ಲಿ ಕಂಡರೂ ಮಾತಾಡಿಸಲಿಲ್ಲ. ಮಾರ್ಚ್ ಕೊನೆಗೆ ಗುಡೇಮಾರನಹಳ್ಳಿಗೆ ಯಂತ್ರ ಬಂತು. ಚನ್ನಯ್ಯ ಅದರ ಮುಂದೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಕೂತಿದ್ದ. ಹುಳಕ್ಕೆ ತಂದದ್ದನ್ನು ನೀವು ಮೇಯುತ್ತಿದ್ದೀರಲ್ಲ ಎಂದು ಅವಳು ಎಬ್ಬಿಸಿ ಕಳಿಸಬೇಕಾಯಿತು. ಆ ಬೇಸಿಗೆ ಒಂದು ತಟ್ಟೆಯೂ ಒಣಗಲಿಲ್ಲ.

ಆಮೇಲಿನದು ನಿಧಾನವಾಗಿ ಆಯಿತು.

ಖಾನೆ ಇದ್ದಮೇಲೆ ಅದರಲ್ಲಿ ಅಂಕಿ ಬಂತು. ಅಂಕಿ ಬಂದಮೇಲೆ ಪಟ್ಟಿ ಬಂತು. ಜೂನ್ ಸಭೆಯಲ್ಲಿ ಗೋಡೆಯ ಮೇಲೆ ಎರಡು ಹಾಳೆ. ಎರಡನೆಯದು, ಯಾರು ನೂರಕ್ಕೆ ಎಷ್ಟು ಹುಳವನ್ನು ದುಡ್ಡಿಲ್ಲದೆ ಬಿಟ್ಟುಕೊಡುತ್ತಿದ್ದಾರೆ ಎಂಬುದು. ಪುಟ್ಟಲಕ್ಷ್ಮಮ್ಮ ಹದಿನೈದು, ಬಾಲರಾಜು ಹದಿನೈದು, ಇಬ್ಬರಿಗೂ ಕೆಂಪು. ಯಾರೂ ಬಿಡಿ ಎಂದು ಹೇಳಲಿಲ್ಲ. ಯಾರು ಎಲ್ಲಿದ್ದೀರಿ ಎಂದು ತೋರಿಸಿದರು, ಅಷ್ಟೆ. ಮುಂದಿನ ಸಭೆಗೆ ಬಾಲರಾಜು ಆರಕ್ಕೆ ಇಳಿದಿದ್ದ, ಅದರ ಮುಂದಿನದಕ್ಕೆ ಸೊನ್ನೆಗೆ. ಚನ್ನಪಟ್ಟಣದವರು ಅವನಿಗಿಂತ ಮುಂಚೆ ಸೊನ್ನೆ ಮುಟ್ಟಿದ್ದರು. ದೀಪಾವಳಿಯ ಹೊತ್ತಿಗೆ ಆ ಹಾಳೆಯಲ್ಲಿ ಅಂಕಿ ಉಳಿದದ್ದು ಗುಡೇಮಾರನಹಳ್ಳಿಗೆ ಮಾತ್ರ.

ಒಂದು ದಿನ ದಿವ್ಯ ತಾನೇ ಬಸ್ಸು ಹತ್ತಿ ಬಂದಳು. ಗದರಿಸಲು ಬಂದದ್ದಲ್ಲ, ಒಳ್ಳೆಯದಕ್ಕೇ ಬಂದದ್ದು. ಜಗುಲಿಯ ಮೇಲೆ ಕೂತು ಕಾಗದದಲ್ಲಿ ಬರೆದು ತೋರಿಸಿದಳು. ಸಲಕ್ಕೆ ನೂರೈವತ್ತು, ವರ್ಷಕ್ಕೆ ಇಪ್ಪತ್ತು ಸಲ, ಮೂರು ಸಾವಿರ ಮೊಟ್ಟೆ. ಹದಿನೆಂಟು ಸಾವಿರ ರೂಪಾಯಿ. ಪುಟ್ಟಲಕ್ಷ್ಮಮ್ಮ ಗುಣಿಸಿ ನೋಡಿದಳು. ಸರಿಯಾಗಿತ್ತು. ಅದೇ ತಿಂಗಳು ಬಿಡದಿಯ ಕಾರ್ಖಾನೆಯವರು ಕೂಲಿ ಏರಿಸಿದ್ದರು. ಸೊಪ್ಪು ಹೆಚ್ಚುವ ಇಬ್ಬರೂ ದಿನಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೆ ಇರುತ್ತೇವೆ, ಇಲ್ಲವಾದರೆ ಇಲ್ಲ ಎಂದಿದ್ದರು. ಇಬ್ಬರಿಗೂ ಸೇರಿ ವರ್ಷಕ್ಕೆ ಹನ್ನೆರಡು ಸಾವಿರ. ಅದು ಬೇರೆ ಎಲ್ಲಿಂದಲೂ ಹುಟ್ಟುತ್ತಿರಲಿಲ್ಲ.

ಮುಂದಿನ ಸಲ ಹುಳ ಕೊಡುವ ದಿನ, ದುಡ್ಡು ಎಣಿಸಿ ಮುಗಿದ ಮೇಲೆ ದೊಡ್ಡಲಕ್ಷ್ಮಮ್ಮ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಪುಟ್ಟಲಕ್ಷ್ಮಮ್ಮ ತಟ್ಟೆಯ ಮುಂದೆ ನಿಂತಿದ್ದಳು, ಪಕ್ಕಕ್ಕೆ ಸರಿಯಲಿಲ್ಲ. ಹೇಗೆ ಹೇಳುವುದೆಂದು ಎರಡು ದಿನದಿಂದ ಯೋಚಿಸಿಟ್ಟಿದ್ದಳು.

'ಅಕ್ಕ, ಇನ್ಮೇಲೆ ಕೊಸರು ಆಗಾಕಿಲ್ಲ ಕಣಕ್ಕ. ಎಲ್ಲಾ ಕಡೆನೂ ನಿಲ್ಸವ್ರೆ.'

ದೊಡ್ಡಲಕ್ಷ್ಮಮ್ಮ ಸಿಟ್ಟಾಗುತ್ತಾಳೆಂದು ಅವಳು ಕಾದಳು. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ದೊಡ್ಡಲಕ್ಷ್ಮಮ್ಮ ಮುಂದೆ ಚಾಚಿದ್ದ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

'ಆಗ್ಲಿ ಬುಡವ್ವ. ನಿಂಗೂ ಕಷ್ಟ ಐತೆ' ಎಂದಳು.

ಕಾಫಿ ಕುಡಿದು ಹೋಗು ಎಂದರೆ, ಆಟೊ ಕಾಯುತ್ತಿದೆ ಎಂದು ಹೊರಟಳು. ಆಟೊ ಪ್ರತಿ ಸಲವೂ ಕಾಯುತ್ತಿತ್ತು.

ಮುಂದಿನ ತಿಂಗಳಿಂದ ದೊಡ್ಡಲಕ್ಷ್ಮಮ್ಮ ಬರಲಿಲ್ಲ. ಗಂಡನ ಕೈಯಲ್ಲಿ ದುಡ್ಡು ಕಳಿಸಿದಳು. ಆಮೇಲೆ ಬೇರೆ ಹೆಂಗಸರೂ ಹಾಗೆಯೇ. ಎತ್ತಿಕೊಳ್ಳುವುದು ಏನೂ ಇಲ್ಲದ ಮೇಲೆ ಅವರಾದರೂ ಒಂದು ದಿನದ ಕೆಲಸ ಬಿಟ್ಟು ಏಕೆ ಬರಬೇಕು? ಗಂಡಸರು ತಟ್ಟೆ ಎಣಿಸಿ ಕಟ್ಟಿಕೊಂಡು ಹೋಗುತ್ತಿದ್ದರು. ಯಾರ ಸೊಪ್ಪಿಗೆ ಏನಾಗಿದೆ ಎಂಬುದು ಅವಳಿಗೆ ಈಗ ತಿಂಗಳ ಕೊನೆಗೆ, ಗೂಡು ಮಾರಾಟವಾದ ಮೇಲೆ, ಫಾರಂ ತುಂಬುವಾಗ ತಿಳಿಯುತ್ತಿತ್ತು. ಎರಡನೇ ಹಾಳೆಯಲ್ಲಿ ಹದಿನಾಲ್ಕರಲ್ಲಿ ಉಳಿದ ಹನ್ನೊಂದೂ ಮನೆಗೆ ಸೊನ್ನೆ ಬಂದಾಗ ದಿವ್ಯ ಎಲ್ಲರಿಗೂ ಮೈಸೂರುಪಾಕು ಹಂಚಿದಳು.

ಚಾಕಿ ಮನೆ ಉಳಿಯಿತು, ಇವತ್ತಿಗೂ ನಡೆಯುತ್ತಿದೆ. ಯಂತ್ರದ ದುಡ್ಡು ತೀರಿತು, ಕುರಿಗಳೂ ಮತ್ತೆ ಇಪ್ಪತ್ತಾದವು. ಸೊಪ್ಪು ಹೆಚ್ಚುವ ಇಬ್ಬರು ಹೆಂಗಸರಿಗೆ ವ್ಯಾನು ಹತ್ತದೆ ಊರಲ್ಲೇ ಕೂಲಿ ಸಿಕ್ಕಿತು. ಹದಿನೆಂಟು ಸಾವಿರದಲ್ಲಿ ಅವರ ಏರಿದ ಕೂಲಿ ಕಳೆದು ವರ್ಷಕ್ಕೆ ಆರು ಸಾವಿರ ಕೈಯಲ್ಲಿ ನಿಂತಿತು. ಹೋದದ್ದು ಕೊಸರು, ಮತ್ತು ಅದನ್ನು ಎತ್ತಿಕೊಳ್ಳಲು ಬರುತ್ತಿದ್ದ ಮೂವತ್ತು ಮನೆಯ ಹೆಂಗಸರು. ಕೊಸರಿಗೆ ಖಾನೆ ಹಾಕಲು ಹೇಳಿದವಳು ತಾನೇ ಎಂದು ಪುಟ್ಟಲಕ್ಷ್ಮಮ್ಮ ಯಾರಿಗೂ ಹೇಳಿಕೊಂಡಿಲ್ಲ.